ತಾರೀಖಿಲ್ಲದ ಮಗ

ನನ್ನ ಗಂಡ ವೆಂಡಲ್‌ನನ್ನು ಮಣ್ಣು ಮಾಡಿದ ದಿನ ನಮ್ಮ ಚರ್ಚಿನ ಬೋಧಕ ಬ್ರದರ್ ರಾಯ್ಸ್ ಇಪ್ಪತ್ತು ನಿಮಿಷ ಮಾತಾಡಿದರು. ಮಾರ್ಚಿನ ಹಿಮಗಾಳಿಯಲ್ಲಿ ಕಂಬ ಹತ್ತಿ ಊರಿಗೆ ಕರೆಂಟು ಕೊಡಲು ಹೋಗಿ ಜೀವ ಬಿಟ್ಟವನು ಎಂದರು. ಒಳ್ಳೆಯ ನೆರೆಯವನು ಎಂದರು. ತಾಯಿಗೆ ಆಸರೆ, ಹೆಂಡತಿಗೆ ಜೊತೆ ಎಂದರು. ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಈಗ ಅವನು ಕರ್ತನ ಬಳಿ ಇದ್ದಾನೆ ಎನ್ನುವ ಮಾತು.

ನಾನು ಅದನ್ನು ಗಮನಿಸಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಅತ್ತೆ ಲೊರೀನ್ ಗಮನಿಸಿದರು. ಕೊನೆಯ ಪ್ರಾರ್ಥನೆ ಮುಗಿದು ಜನ ಎದ್ದಾಗಲೂ ಅವರು ಏನೋ ಬಾಕಿ ಉಳಿದಿದೆ ಎನ್ನುವಂತೆ ಬ್ರದರ್ ರಾಯ್ಸ್ ಅವರ ಬಾಯಿಯನ್ನೇ ನೋಡುತ್ತಿದ್ದರು.

ಟೆನೆಸಿಯ ಈ ಬೆಟ್ಟಸಾಲಿನಲ್ಲಿ ಎಲ್ಲರ ಬೈಬಲಿನ ಮೊದಲ ಹಾಳೆಯಲ್ಲೂ ಒಂದು ತಾರೀಖು ಇರುತ್ತದೆ. ಹುಟ್ಟಿದ ದಿನವಲ್ಲ, ಆತ್ಮ ರಕ್ಷಣೆ ಹೊಂದಿದ ದಿನ. ಭಾನುವಾರ ಬೋಧನೆ ಮುಗಿದ ಮೇಲೆ ಬ್ರದರ್ ರಾಯ್ಸ್ ಕೈ ಚಾಚಿ ಕರೆಯುತ್ತಾರೆ. ಪಿಯಾನೋ ಮೆಲ್ಲಗೆ ನುಡಿಯುತ್ತಿರುತ್ತದೆ. ಯಾರಿಗೆ ಮನಸ್ಸಾಗುತ್ತದೋ ಅವರು ಎದ್ದು ಬಂದು ಮಂಡಿಯೂರಿ, ಯೇಸುವೇ ನನ್ನ ಹೃದಯದೊಳಗೆ ಬಾ ಎಂದು ಕೇಳಿಕೊಳ್ಳುತ್ತಾರೆ. ಮನೆಗೆ ಬಂದು ತಾರೀಖು ಬರೆಯುತ್ತಾರೆ. ಅಲ್ಲಿಗೆ ಮುಗಿಯಿತು, ಸ್ವರ್ಗ ಖಾತ್ರಿ. ಆಮೇಲೆ ಏನೇ ಆದರೂ ಅದು ಅಳಿಸುವುದಿಲ್ಲ.

ಲೊರೀನ್ ಅವರ ಮನೆಯ ದೊಡ್ಡ ಬೈಬಲಿನಲ್ಲಿ ಅವರದೇ ತಾರೀಖು ಇತ್ತು, ತೀರಿಹೋದ ಮಾವನದು ಇತ್ತು. ಹಿರಿಯ ಮಗ ಹಾಲಿಸ್‌ನದು ಇತ್ತು. ಒಂಬತ್ತನೇ ವಯಸ್ಸು, ಆಗಸ್ಟ್ ಹದಿನಾಲ್ಕು. ವೆಂಡಲ್‌ನ ಹೆಸರಿನ ಮುಂದೆ ಹುಟ್ಟಿದ ದಿನ, ನನ್ನನ್ನು ಮದುವೆಯಾದ ದಿನ. ನಡುವಿನ ಸಾಲು ಖಾಲಿ.

ವೆಂಡಲ್ ಪ್ರತಿ ಭಾನುವಾರ ಚರ್ಚಿಗೆ ಬರುತ್ತಿದ್ದ. ಕೊನೆಯ ಬೆಂಚು. ಪಿಯಾನೋ ಶುರುವಾದರೆ ಗಾಡಿ ಬೆಚ್ಚಗೆ ಮಾಡುತ್ತೇನೆ ಎಂದು ಎದ್ದು ಹೊರಗೆ ಹೋಗುತ್ತಿದ್ದ. ಬಿರುಬೇಸಿಗೆಯ ಜುಲೈಯಲ್ಲೂ ಅದೇ ನೆಪ. ಒಮ್ಮೆ ಕೇಳಿದ್ದೆ.

"ಅಲ್ಲಿ ಹೋಗಿ ಮಂಡಿಯೂರಿ ಬಿಟ್ರೆ ಅಮ್ಮನಿಗೆ ಖುಷಿ ಆಗುತ್ತೆ ಕೋರಾ. ಗೊತ್ತು ನಂಗೆ. ಆದ್ರೆ ಅಲ್ಲಿ ನಿಂತು ಹೇಳಬೇಕಾದ್ದು ನಂಗೆ ಅನ್ನಿಸೋದೇ ಇಲ್ಲ. ಅನ್ನಿಸದೇ ಇರೋದನ್ನ ದೇವರ ಮುಂದೆ ಹೇಳಿದ್ರೆ ಅವನಿಗೆ ತಿಳಿಯಲ್ವಾ?"

ಇಷ್ಟೇ ಹೇಳಿದ್ದು. ಮತ್ತೆ ಆ ವಿಷಯ ನಮ್ಮ ನಡುವೆ ಬರಲಿಲ್ಲ. ನಮಗೆ ತುಂಬ ವರ್ಷಗಳಿವೆ ಎಂದುಕೊಂಡಿದ್ದೆವು.

ಮಣ್ಣಾದ ಮೇಲೆ ನಾನು ಅತ್ತೆಯ ಮನೆಗೇ ಬಂದು ಉಳಿದೆ. ಎರಡು ವಾರ ಚರ್ಚಿನ ಹೆಂಗಸರು ಊಟ ತಂದುಕೊಟ್ಟರು. ಪಾತ್ರೆಗಳ ತಳದಲ್ಲಿ ಅವರವರ ಹೆಸರು ಬರೆದ ಪಟ್ಟಿ ಅಂಟಿಸಿತ್ತು. ನಾವು ಅರ್ಧ ತಿಂದು, ತೊಳೆದು, ವಾಪಸು ಕೊಟ್ಟೆವು. ಆಮೇಲೆ ಯಾರೂ ಬರಲಿಲ್ಲ. ತಪ್ಪಲ್ಲ, ಎರಡು ವಾರವೇ ರೂಢಿ.

ಏಪ್ರಿಲಿನ ಒಂದು ಬೆಳಿಗ್ಗೆ ಲೊರೀನ್ ಬೀನ್ಸ್ ಕಾಳು ಆರಿಸುತ್ತ ಕೂತಿದ್ದರು. ತಲೆ ಎತ್ತದೆ ಕೇಳಿದರು.

"ನಿನ್ನ ಜೊತೆ ಯಾವತ್ತಾದ್ರೂ ಪ್ರಾರ್ಥನೆ ಮಾಡಿದ್ನಾ? ಬರೀ ನೀವಿಬ್ಬರೇ ಇದ್ದಾಗ?"

"ಊಟಕ್ಕೆ ಮುಂಚೆ ಮಾಡ್ತಿದ್ವಲ್ಲ ಅಮ್ಮ."

"ಅದಲ್ಲ ಕಣೇ. ಆ ಪ್ರಾರ್ಥನೆ."

ಹೌದು ಎಂದುಬಿಡಬಹುದಿತ್ತು. ಡಿಸೆಂಬರಿನಲ್ಲಿ, ಒಂದು ಮಂಗಳವಾರ, ನಮ್ಮ ಅಡುಗೆಮನೆಯಲ್ಲಿ ಎಂದುಬಿಟ್ಟಿದ್ದರೆ ಅವರು ಎದ್ದು ಹೋಗಿ ಪೆನ್ನು ತರುತ್ತಿದ್ದರು. ಆದರೆ ವೆಂಡಲ್ ದೇವರ ಮುಂದೆ ಹೇಳದ ಸುಳ್ಳನ್ನು ಅವನ ಪರವಾಗಿ ನಾನು ಹೇಳಲಾರದೆ ಹೋದೆ.

"ಇಲ್ಲ ಅಮ್ಮ."

ಲೊರೀನ್ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು. "ಹಾಲಿಸ್‌ದು ನಂಗೆ ಚಿಂತೆ ಇಲ್ಲ," ಎಂದರು. "ಅವನು ಎಲ್ಲೇ ಇರಲಿ. ಅವನ ತಾರೀಖು ಇದೆ. ಇವನು ನೋಡು, ಒಂದು ದಿನ ಯಾರಿಗೂ ಕೆಟ್ಟದ್ದು ಮಾಡಿದವನಲ್ಲ. ಇವನ ದಾರೀನೇ ಗೊತ್ತಿಲ್ಲ ನಂಗೆ."

ಹಾಲಿಸ್ ಇರುವುದು ಸೆರೆಮನೆಯಲ್ಲಿ. ಒಂಬತ್ತು ವರ್ಷದ ಹಿಂದೆ ಕುಡಿದು ಗಾಡಿ ಓಡಿಸಿ ಒಬ್ಬ ಹುಡುಗಿಯನ್ನು ಕೊಂದ. ನಮ್ಮ ಚರ್ಚಿನಲ್ಲಿ ಪಿಯಾನೋ ನುಡಿಸುತ್ತಿದ್ದ ಹುಡುಗಿ. ಹದಿನೇಳು ವರ್ಷ. ಆಕೆಯ ತಾಯಿ ಈಗಲೂ ಲೊರೀನ್ ಅವರಿಗಿಂತ ಎರಡು ಬೆಂಚು ಮುಂದೆ ಕೂರುತ್ತಾಳೆ. ಲೊರೀನ್ ಒಂದು ಸಲವೂ ಮಗನನ್ನು ನೋಡಲು ಹೋಗಿಲ್ಲ. ಆ ತಾಯಿಯ ಬೆನ್ನು ನೋಡುತ್ತ ಕೂರುವವಳು ಹೇಗೆ ಹೋಗಲಿ ಎಂದು ಒಮ್ಮೆ ಹೇಳಿದ್ದರು. ಅವನ ಆತ್ಮದ ವಿಷಯ ಇತ್ಯರ್ಥವಾಗಿದೆ, ದೇಹದ್ದು ಸರ್ಕಾರ ನೋಡಿಕೊಳ್ಳುತ್ತದೆ ಎಂದೂ ಹೇಳಿದ್ದರು.

ಕಾಳು ನೆನೆಸಿಟ್ಟು ಬಂದು ಅವರು ನನ್ನ ಎದುರು ಕೂತರು.

"ನೀನು ಓದಿದವಳು. ಮೂಲ ಭಾಷೆಯಲ್ಲೇ ಓದಿದವಳು. ನಂಗೆ ಬ್ರದರ್ ರಾಯ್ಸ್ ಮಾತು ಬೇಡ, ಬೈಬಲಿನ ಪೌಲನ ಮಾತೂ ಬೇಡ. ಕೆಂಪಕ್ಷರದಲ್ಲಿ ಹುಡುಕಿಕೊಡು. ವೆಂಡಲ್‌ನಂಥವನಿಗೆ ಎಲ್ಲಿ ಜಾಗ ಇದೆ ಅಂತ."

ನಮ್ಮ ಬೈಬಲುಗಳಲ್ಲಿ ಯೇಸುವಿನ ಮಾತುಗಳಷ್ಟೇ ಕೆಂಪು ಮಸಿಯಲ್ಲಿ ಅಚ್ಚಾಗಿರುತ್ತವೆ. ನಾನು ನಾಕ್ಸ್‌ವಿಲ್‌ನಲ್ಲಿ ಆರು ವರ್ಷ ಬೈಬಲಿನ ಗ್ರೀಕ್ ಓದಿದವಳು. ಅಲ್ಲಿ ಎಲ್ಲವೂ ಕಪ್ಪಕ್ಷರ. ಯಾವ ಮಾತು ಮೊದಲಿನದು, ಯಾವುದು ಆಮೇಲೆ ಸೇರಿದ್ದು ಎಂದು ವಾದ ಮಾಡುತ್ತಿದ್ದೆವು. ಆ ವಾದಗಳಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ.

ಹತ್ತು ದಿನ ಹುಡುಕಿದೆ. ಶಾಲೆಯ ಲೈಬ್ರರಿಯ ಕೆಲಸ ಮುಗಿಸಿ ಬಂದು ಸಂಜೆ ಕೂರುತ್ತಿದ್ದೆ. ಆ ದಿನಗಳಲ್ಲಿ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಹುಡುಕುವುದು ಒಂದು ಕೆಲಸ, ಅದಿದ್ದರೆ ಗಂಟೆಗಳು ಸರಿಯುತ್ತಿದ್ದವು. ನನಗೆ ಮೊದಲೇ ಗೊತ್ತಿದ್ದದ್ದನ್ನು ಮತ್ತೆ ಕಂಡೆ. ಹೃದಯದೊಳಗೆ ಕರೆದುಕೊಳ್ಳುವ ಪ್ರಾರ್ಥನೆ ಕೆಂಪಕ್ಷರದಲ್ಲಿ ಎಲ್ಲೂ ಇಲ್ಲ. ನಿತ್ಯಜೀವ ಬೇಕು, ಏನು ಮಾಡಲಿ ಎಂದು ಬಂದು ಕೇಳಿದವನಿಗೆ ಯೇಸು ಪ್ರಾರ್ಥನೆ ಹೇಳಿಕೊಡುವುದಿಲ್ಲ. ಇರುವುದನ್ನು ಮಾರಿ ಬಡವರಿಗೆ ಕೊಡು ಎನ್ನುತ್ತಾನೆ. ಇನ್ನೊಬ್ಬನಿಗೆ, ದಾರಿಯಲ್ಲಿ ಬಿದ್ದವನನ್ನು ಎತ್ತಿದವನ ಕತೆ ಹೇಳಿ, ಹೋಗಿ ನೀನೂ ಹಾಗೆ ಮಾಡು ಎನ್ನುತ್ತಾನೆ. ಮತ್ತೆ ಹುಟ್ಟಬೇಕು ಎಂದು ಹೇಳಿದ್ದು ಒಬ್ಬ ಮುದುಕನಿಗೆ. ಅವನಿಗೂ ತಾರೀಖು ಕೊಡಲಿಲ್ಲ. ಗಾಳಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ನಿನಗೆ ತಿಳಿಯದು ಎಂದಷ್ಟೇ ಹೇಳಿದ.

ಶನಿವಾರ ಮಧ್ಯಾಹ್ನ ಅತ್ತೆಯನ್ನು ಕೂರಿಸಿಕೊಂಡು ಒಂದು ಕತೆ ಓದಿದೆ. ಒಬ್ಬ ಅಪ್ಪನಿಗೆ ಇಬ್ಬರು ಗಂಡುಮಕ್ಕಳು. ತೋಟಕ್ಕೆ ಹೋಗಿ ಕೆಲಸ ಮಾಡಿ ಎಂದು ಅಪ್ಪ ಹೇಳುತ್ತಾನೆ. ಒಬ್ಬ ಆಗಲ್ಲ ಎನ್ನುತ್ತಾನೆ, ಆಮೇಲೆ ಹೋಗುತ್ತಾನೆ. ಇನ್ನೊಬ್ಬ ಆಗಲಿ ಅಪ್ಪ ಎನ್ನುತ್ತಾನೆ, ಹೋಗುವುದಿಲ್ಲ. ಅಪ್ಪನ ಮಾತು ನಡೆಸಿದವನು ಯಾರು ಎಂದು ಯೇಸು ಕೇಳುತ್ತಾನೆ.

"ಯಾರಮ್ಮ?" ಎಂದೆ.

"ಹೋದವನು," ಎಂದರು. ಮುಖ ಅರಳಿತು. "ಇದು ವೆಂಡಲ್‌ನೇ. ಚಿಕ್ಕವನಿದ್ದಾಗ್ಲೂ ಹಂಗೇ. ಕೋಳಿಗೂಡು ಗುಡಿಸು ಅಂದ್ರೆ ಆಗಲ್ಲ ಅಂತ ಕಿರುಚೋನು. ಹೊರಗೆ ಹೋಗಿ ನೋಡಿದ್ರೆ ಗುಡಿಸ್ತಾ ಇರೋನು, ಬೈಕೊಂಡು."

ನಾವಿಬ್ಬರೂ ನಕ್ಕೆವು. ಮಾರ್ಚಿನಿಂದೀಚೆಗೆ ಮೊದಲ ಸಲ. ಅಲ್ಲಿಗೇ ನಿಲ್ಲಿಸಬೇಕಿತ್ತು. ನನಗೆ ಇನ್ನೊಂದು ಪುರಾವೆ ಕೊಡುವ ಹುರುಪು ಬಂತು. ಕೊನೆಯ ದಿನದ ಕತೆ ತೆಗೆದೆ. ರಾಜ ಜನರನ್ನು ಕುರಿ, ಆಡುಗಳ ಹಾಗೆ ಬೇರೆ ಮಾಡುತ್ತಾನೆ. ಬಲಗಡೆಯವರಿಗೆ, ಹಸಿದಿದ್ದೆ ಉಣ್ಣಲು ಕೊಟ್ಟಿರಿ, ಸೆರೆಯಲ್ಲಿದ್ದೆ ನೋಡಲು ಬಂದಿರಿ ಎನ್ನುತ್ತಾನೆ. ಅವರಿಗೆ ಅದು ಯಾವಾಗ ಎಂದೇ ನೆನಪಿಲ್ಲ. ಇವರಲ್ಲಿ ತೀರ ಅಲ್ಪನಾದವನಿಗೆ ಮಾಡಿದ್ದು ನನಗೇ ಮಾಡಿದ್ದು ಎನ್ನುತ್ತಾನೆ ರಾಜ.

"ಅಮ್ಮ, ವೆಂಡಲ್ ಪ್ರತಿ ತಿಂಗಳು ಹಾಲಿಸ್‌ನ ನೋಡೋಕೆ ಹೋಗ್ತಿದ್ದ. ಕೊನೆಯ ಆರು ವರ್ಷ. ಒಂದು ತಿಂಗಳೂ ತಪ್ಪಿಸಿಲ್ಲ. ನಿಮಗೆ ಹೇಳಬೇಡ ಅಂದಿದ್ದ, ನಿಮಗೆ ನೋವಾಗುತ್ತೆ ಅಂತ. ಮೀನು ಹಿಡಿಯೋಕೆ ಹೋಗಿದಾನೆ ಅಂತ ನಾವು ಹೇಳ್ತಿದ್ದ ಶನಿವಾರ ಎಲ್ಲ ಅಲ್ಲೇ."

ಲೊರೀನ್ ನನ್ನನ್ನು ನೋಡಿದರು. ಖುಷಿಯಾಗುತ್ತದೆ ಎಂದುಕೊಂಡು ಕಾದೆ.

"ಎಡಗಡೆಯವರಿಗೆ ಏನಂತಾನೆ?" ಎಂದು ಕೇಳಿದರು.

ನಾನು ಪುಸ್ತಕ ಮುಚ್ಚಲು ಹೋದೆ.

"ಓದು ಕೋರಾ. ಅದೂ ಕೆಂಪಕ್ಷರದಲ್ಲೇ ತಾನೇ ಇರೋದು?"

ಓದಿದೆ. ಸೆರೆಯಲ್ಲಿದ್ದೆ, ನೀವು ಬರಲಿಲ್ಲ ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿ ಸಾಕೆಂದರು. ಆಮೇಲೆ ಇನ್ನೊಂದು ಕೇಳಿದರು.

"ಆ ಮೊದಲನೇ ಕತೆಯಲ್ಲಿ, ಆಗಲಿ ಅಪ್ಪ ಅಂದು ಹೋಗದೇ ಇದ್ದವನು. ಅವನ ಗತಿ?"

"ಅದು ಅಲ್ಲಿ ಹೇಳಿಲ್ಲಮ್ಮ."

"ಹಾಲಿಸ್ ಆಗಲಿ ಅಂದವನು. ನಾನೂ ಆಗಲಿ ಅಂದವಳೇ." ಅವರು ಎದ್ದು ಒಲೆಯ ಹತ್ತಿರ ಹೋಗಿ ನಿಂತರು. ಒಲೆ ಹಚ್ಚಿರಲಿಲ್ಲ. "ಒಬ್ಬನ್ನ ಕೊಟ್ಟೆ ನೀನು. ಇಬ್ಬರನ್ನ ತಗೊಂಡೆ."

ಮರುದಿನ ಚರ್ಚಿನಲ್ಲಿ ಪಿಯಾನೋ ಶುರುವಾದಾಗ ಲೊರೀನ್ ಎದ್ದು ಮುಂದೆ ಹೋದರು. ಎಪ್ಪತ್ತೊಂದು ವರ್ಷದ, ಅರವತ್ತು ವರ್ಷದ ಹಿಂದೆಯೇ ತಾರೀಖು ಬರೆದ ಹೆಂಗಸು. ಜನ ಕತ್ತು ತಿರುಗಿಸಿ ನೋಡಿದರು. ಬ್ರದರ್ ರಾಯ್ಸ್ ಬಗ್ಗಿ ಅವರ ಮಾತು ಕೇಳಿದರು, ಭುಜ ತಟ್ಟಿದರು, ಎಬ್ಬಿಸಿ ಕಳಿಸಿದರು. ಒಂದು ಸಲ ಆದದ್ದು ಎರಡನೇ ಸಲ ಆಗುವುದಿಲ್ಲ ಎಂಬುದು ನಮ್ಮ ಚರ್ಚಿನ ಬೋಧನೆ. ಅವರು ವಾಪಸು ಬಂದು ನನ್ನ ಪಕ್ಕ ಕೂತಾಗ ಮೊಣಕಾಲಿಗೆ ಕಾರ್ಪೆಟ್ಟಿನ ಧೂಳು ಹತ್ತಿತ್ತು.

ಸೋಮವಾರ ಬ್ರದರ್ ರಾಯ್ಸ್ ಲೈಬ್ರರಿಗೆ ಬಂದರು. ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತರು. ಅವರು ಕೆಟ್ಟ ಮನುಷ್ಯರಲ್ಲ. ವೆಂಡಲ್ ಸತ್ತ ರಾತ್ರಿ ನಮ್ಮ ಬಾಗಿಲಿನ ಮೆಟ್ಟಿಲ ಮೇಲೆ ಬೆಳಗಾಗುವವರೆಗೂ ಕೂತಿದ್ದವರು.

"ಸಿಸ್ಟರ್ ಕೋರಾ, ನೀನು ಓದಿಹೇಳಿದ್ದು ಅಲ್ಲಿ ಇಲ್ಲ ಅಂತ ನಾನು ಹೇಳಲ್ಲ. ಇದೆ. ನಾನೂ ಅದರ ಮೇಲೆ ಬೋಧನೆ ಮಾಡಿದೀನಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಲ್ಲಿ, ಬಡವರಿಗೆ ಕೊಡೋ ದವಸದ ಡಬ್ಬಿ ತುಂಬಿಸೋಕೆ."

"ಹಾಗಿದ್ರೆ?"

"ಡಬ್ಬಿ ತುಂಬಿಸೋಕೆ ಸರಿ. ಆದ್ರೆ ಅದರ ಮೇಲೆ ಯಾರು ಮಲಗಿ ನಿದ್ದೆ ಮಾಡೋಕಾಗುತ್ತೆ? ಎಷ್ಟು ಸಲ ಹೋದ್ರೆ ಸಾಕು? ಎಷ್ಟು ಜನಕ್ಕೆ ಉಣ್ಣಿಸಿದ್ರೆ ಸಾಕು? ಆ ತಾರೀಖು ಇದೆ ನೋಡು, ಅದು ಒಂದು ಮೊಳೆ. ಜನ ಅದಕ್ಕೆ ಜೋತುಬಿದ್ದಿರ್ತಾರೆ. ನೀನು ಕಿತ್ತುಬಿಟ್ಟೆ."

"ವೆಂಡಲ್‌ಗೆ ಆ ಮೊಳೆ ಇರಲಿಲ್ಲ, ಬ್ರದರ್ ರಾಯ್ಸ್. ನೀವು ಅವತ್ತು ಆ ಒಂದು ಮಾತು ಹೇಳಿದ್ದಿದ್ರೆ ಅವರು ನನ್ನ ಕೇಳ್ತಾನೇ ಇರಲಿಲ್ಲ."

ಅವರು ತಮ್ಮ ಕೈ ನೋಡಿಕೊಂಡರು. "ಹೇಳೋಣ ಅಂತ ಬಾಯಿವರೆಗೂ ಬಂತು ಕಣಮ್ಮ," ಎಂದರು. "ನಂಗೆ ಗೊತ್ತಿಲ್ಲದೇ ಇರೋದನ್ನ ಹೆಣದ ಮುಂದೆ ಹೇಳೋಕಾಗಲಿಲ್ಲ."

ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ವೆಂಡಲ್ ಹೇಳಿದ್ದೂ ಅದನ್ನೇ.

ಆ ಶನಿವಾರವೇ ಸೆರೆಮನೆಗೆ ಹೊರಟೆವು. ಲೊರೀನ್ ಹಟ ಹಿಡಿದರು. ಬೆಟ್ಟ ಇಳಿದು ಎರಡೂವರೆ ಗಂಟೆಯ ದಾರಿ. ಅವರು ಚರ್ಚಿನ ಉಡುಪು ಹಾಕಿಕೊಂಡಿದ್ದರು. ಮಡಿಲಲ್ಲಿ ಪೀಚ್ ಹಣ್ಣು ತುಂಬಿ ಬೇಯಿಸಿದ ಪೈ.

"ಒಳಗೆ ಬಿಡಲ್ಲ ಅಮ್ಮ, ತಿನ್ನೋದನ್ನ."

"ಬಿಡದಿದ್ರೆ ಕಾವಲಿನವರು ತಿನ್ಲಿ. ಬರಿಗೈಲಿ ಹೋಗೋಕೆ ಅದೇನು ಬ್ಯಾಂಕಾ?"

ಮುಂದಿನ ಅರ್ಧ ದಾರಿ ಅವರು ಏನು ಹೇಳಬೇಕೆಂದು ಅಭ್ಯಾಸ ಮಾಡಿದರು. ಮೊದಲು ಕ್ಷಮಿಸು ಎನ್ನಲೋ, ಮೊದಲು ಹೇಗಿದ್ದೀಯ ಎನ್ನಲೋ. ಕೂದಲು ನರೆತಿದೆಯೇ ಎಂದು ನನ್ನನ್ನು ಕೇಳಿದರು. ನಾನು ವೆಂಡಲ್ ಜೊತೆ ಎರಡು ಸಲ ಹೋಗಿದ್ದೆ. ಸ್ವಲ್ಪ ನರೆತಿದೆ ಎಂದೆ.

ಒಳಗಿನ ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿದಳು.

"ಕೋರಾ, ಇದೀರ. ಲೊರೀನ್ ಇಲ್ಲ."

"ನಾನು ಅವನ ತಾಯಿ," ಎಂದರು ಲೊರೀನ್.

"ಇರಬಹುದು ಮೇಡಮ್. ಯಾರು ಬರಬಹುದು ಅಂತ ಹೆಸರು ಕೊಡೋದು ಒಳಗಿರೋ ಕೈದಿ. ಪಟ್ಟಿಯಲ್ಲಿ ಎರಡೇ ಹೆಸರಿದ್ದದ್ದು." ಅವಳು ಪರದೆ ನೋಡಿ ಧ್ವನಿ ತಗ್ಗಿಸಿದಳು. "ಒಂದನ್ನ ತೆಗೆದಿದಾರೆ. ತೀರಿಕೊಂಡಿದಾರೆ ಅಂತಿದೆ."

ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಯೋಚಿಸಿರಲಿಲ್ಲ. ತಾಯಿಯ ಹೆಸರು ಇಲ್ಲದ ಪಟ್ಟಿ ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

"ನೀನು ಹೋಗು," ಎಂದರು ಲೊರೀನ್. "ನಾನು ಬಂದಿದೀನಿ ಅಂತ ಹೇಳು. ಹೆಸರು ಸೇರಿಸು ಅಂತ ಹೇಳು."

ಹಾಲಿಸ್ ಮೇಜಿನ ಆಚೆ ಕೂತ. ತೆಳ್ಳಗಾಗಿದ್ದ. ವೆಂಡಲ್‌ನ ಕಿವಿಗಳೇ ಅವನವು. ನಾನು ಆ ಕಿವಿಗಳನ್ನು ನೋಡದೆ ಮಾತಾಡಲು ನೋಡಿದೆ.

"ಅವನು ಹೋದ ಅಂತ ನೀನು ಬರೆದ ಕಾಗದ ಬಂತು," ಎಂದ. "ಏನು ಬರೀಬೇಕು ಅಂತ ಗೊತ್ತಾಗಲಿಲ್ಲ. ಪೆನ್ನು ಹಿಡ್ಕೊಂಡು ಕೂತಿದ್ದೆ ಅಷ್ಟೇ. ಅವನಿಗೆ ನೋವಾಯ್ತಾ?"

"ಇಲ್ಲ ಅಂದ್ರು. ತಕ್ಷಣ ಅಂದ್ರು."

"ತಿಂಗಳ ಮೊದಲ ಶನಿವಾರ ಬಂದ್ರೆ ಈಗಲೂ ಶರಟು ಬದಲಾಯಿಸ್ತೀನಿ. ಆಮೇಲೆ ನೆನಪಾಗುತ್ತೆ."

"ಅಮ್ಮ ಬಂದಿದಾರೆ ಹಾಲಿಸ್. ಹೊರಗಿದಾರೆ."

ಅವನು ಬಾಗಿಲ ಕಡೆ ನೋಡಿದ. ಬಣ್ಣ ಬಳಿದ ಕಬ್ಬಿಣದ ಬಾಗಿಲು.

"ಯಾಕೆ ಈಗ?"

ಆಗಲೂ ಬೇರೆ ಏನಾದರೂ ಹೇಳಬಹುದಿತ್ತು. ನಿನ್ನ ನೆನಪಾಯಿತಂತೆ ಎನ್ನಬಹುದಿತ್ತು. ನಾನು ನಡೆದದ್ದನ್ನೇ ಹೇಳಿದೆ. ತಾರೀಖು, ಇಬ್ಬರು ಮಕ್ಕಳ ಕತೆ, ಎಡಗಡೆಯ ಆಡುಗಳು. ಹೇಳುತ್ತಿರುವಾಗಲೇ ಅದು ಅವನ ಮುಖದಲ್ಲಿ ಏನಾಗುತ್ತಿದೆ ಎಂದು ಕಾಣುತ್ತಿತ್ತು. ಆದರೂ ಮುಗಿಸಿದೆ.

"ಹಂಗಾದ್ರೆ ಅವಳು ನನ್ನ ನೋಡೋಕೆ ಬಂದಿಲ್ಲ," ಎಂದ ಹಾಲಿಸ್. ಧ್ವನಿ ಏರಿಸಲಿಲ್ಲ. "ನರಕಕ್ಕೆ ಹೆದರಿ ಬಂದಿದಾಳೆ."

"ಎರಡೂ ಇರಬಹುದಲ್ಲ. ದಾರಿಯಲ್ಲಿ ನಿನ್ನ ಕೂದಲ ಬಗ್ಗೆ ಕೇಳಿದ್ರು."

"ಇರಬಹುದು." ಅವನು ಹಣೆ ಒರೆಸಿಕೊಂಡ. "ವೆಂಡಲ್ ಬರ್ತಿದ್ದ, ಇಲ್ಲಿನ ಮಶೀನಲ್ಲಿ ಬಿಸ್ಕತ್ತು ತಗೋತಿದ್ದ, ಬೇಸ್‌ಬಾಲ್ ಮಾತಾಡ್ತಿದ್ದ, ಹೋಗ್ತಿದ್ದ. ನಾನು ಅವನಿಗೆ ಯಾವತ್ತೂ ಬೇರೆ ಯಾರದೋ ಬದಲಿ ಆಗಿರಲಿಲ್ಲ. ಬರೀ ಹಾಲಿಸ್ ಆಗಿದ್ದೆ. ಅಮ್ಮನಿಗೆ ಮೊದಲು ನಾನು ಒಂದು ತಾರೀಖು. ಈಗ ಕ್ರಿಸ್ತ. ಮಧ್ಯದಲ್ಲಿ ಮಗ ಯಾವಾಗ ಆಗ್ತೀನಿ ಕೋರಾ?"

ನಾನು ಆರು ವರ್ಷ ಓದಿದವಳು. ಅತ್ತೆ ಹೇಳಿಕಳಿಸಿದ್ದನ್ನಷ್ಟೇ ಕೇಳಿದೆ.

"ಹೆಸರು ಸೇರಿಸ್ತೀಯಾ?"

"ಗೊತ್ತಿಲ್ಲ," ಎಂದ. "ಇಲ್ಲ ಅಂತಲೂ ಹೇಳ್ತಿಲ್ಲ. ಗೊತ್ತಿಲ್ಲ ಅಂತ ಹೇಳು."

ಹೊರಗೆ ಬಂದಾಗ ಲೊರೀನ್ ಕಾಯುವ ಕೋಣೆಯಲ್ಲಿರಲಿಲ್ಲ. ಒಳಗೆ ಹೋಗುವ ಅನುಮತಿ ಇಲ್ಲದವರು ಅಲ್ಲಿ ಕೂರಬಾರದಂತೆ. ಗಾಡಿಯಲ್ಲಿ ಕೂತಿದ್ದರು, ಕಿಟಕಿ ಇಳಿಸಿಕೊಂಡು. ಬಿಸಿಲಿಗೆ ಪೈ ಬೆವರಿತ್ತು.

"ಏನಂದ?"

"ಗೊತ್ತಿಲ್ಲ ಅಂದ ಅಮ್ಮ. ಇಲ್ಲ ಅನ್ನಲಿಲ್ಲ."

"ನಾನು ಯಾಕೆ ಬಂದೆ ಅಂತ ಕೇಳಿದ್ನಾ?"

"ಕೇಳಿದ."

"ಏನಂದೆ?"

"ಇದ್ದದ್ದು ಹೇಳಿದೆ."

ಅವರು ನನ್ನನ್ನು ಬಯ್ಯಲಿಲ್ಲ. ಉದ್ದದ ಕಟ್ಟಡ, ಒಂದೇ ಥರದ ಕಿಟಕಿಗಳು. ಯಾವುದರ ಹಿಂದೆ ಅವನಿದ್ದಾನೆ ಎಂದು ಕೇಳಿದರು. ನನಗೆ ತಿಳಿದಿರಲಿಲ್ಲ. ಎರಡನೇ ಸಾಲಿನ ತುದಿಯಿಂದ ಒಂದೊಂದಾಗಿ ನೋಡುತ್ತ ಬಂದರು. ಆಮೇಲೆ ಕೇಳಿದರು.

"ಬಾಗಿಲವರೆಗೆ ಬಂದ್ರೆ? ಅದು ಬಂದ ಹಾಗೆ ಆಗುತ್ತಾ?"

"ಅದು ಅಲ್ಲಿ ಬರೆದಿಲ್ಲಮ್ಮ."

"ನಿಂಗೆ ಏನನ್ಸುತ್ತೆ?"

ಏನನ್ನಿಸುತ್ತದೆ ಎಂದು ಹುಡುಕಿದೆ. ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು ಕೂತೆ. ಲೊರೀನ್ ಪೈ ಮೇಲಿನ ಬಟ್ಟೆ ಸರಿಮಾಡಿದರು.

"ಭೇಟಿ ಎಷ್ಟೊತ್ತಿನವರೆಗೆ?"

"ಮೂರು ಗಂಟೆ."

ಎರಡೂವರೆ ಆಗಿತ್ತು. ಮೂರಾಗುವವರೆಗೆ ಇರೋಣ ಎಂದರು. ಇದ್ದೆವು.